ಮಾತು ತೆಗೆದರೆ ಕಥೆ ಎಲ್ಲಿ ಉಳಿಯಿತು?

ಡೆವಿನ್ ಟೌನ್ಸೆಂಡ್‌ನ ‘ಜೆಡ್ ಸ್ಕ್ವೇರ್ಡ್’ ಆಲ್ಬಮ್ ಬಂದಿದ್ದು 2014ರ ಅಕ್ಟೋಬರ್‌ನಲ್ಲಿ. ಹೊಸದಾಗಿ ಅದನ್ನು ಕೇಳಿದಾಗ ನಮ್ಮ ಗೆಳೆಯರ ನಡುವೆ ಶುರುವಾದ ವಾದ ಇವತ್ತಿಗೂ ಮುಗಿದಿಲ್ಲ. ಬೆಳಗಾವಿಯಲ್ಲಿ ನಾವು ನಾಲ್ಕಾರು ಜನ ಸೇರಿದರೆ ಸಾಕು, ಕ್ರಿಕೆಟ್ ಮುಗಿಸಿ, ಕೆಲಸದ ಗೋಳು ಮುಗಿಸಿ, ಕಡೆಗೆ ಅಲ್ಲಿಗೇ ಬಂದು ನಿಲ್ಲುತ್ತೇವೆ. ಆ ಆಲ್ಬಮ್ಮಿನಲ್ಲಿ ಒಂದು ಕಥೆ ಇದೆ; ಅದರ ಹಾಡುಗಳ ನಡುವೆ ಪಾತ್ರಗಳು ಆಡುವ ಮಾತು ಬೇಕಾ, ಬೇಡವಾ? ಅರ್ಧ ಜನ ಬೇಡವೇ ಬೇಡ ಅನ್ನುತ್ತಾರೆ. ನಾನು ಬೇಕೇ ಬೇಕು ಅನ್ನುವವನು. ಯಾಕೆ ಅಂತ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡೆವಿನ್ ಕೆನಡಾದವನು, ಮೆಟಲ್ ಅನ್ನೋ ಗದ್ದಲದ ರಾಕ್ ಸಂಗೀತ ಮಾಡುವವನು. 1993ರಲ್ಲಿ ಗಿಟಾರ್ ವಾದಕ ಸ್ಟೀವ್ ವಾಯ್‌ನ ಆಲ್ಬಮ್ಮಿನಲ್ಲಿ ಹಾಡಿ ಬೆಳಕಿಗೆ ಬಂದ. ಆಮೇಲೆ ಸ್ಟ್ರಾಪಿಂಗ್ ಯಂಗ್ ಲ್ಯಾಡ್ ಅನ್ನೋ ಬ್ಯಾಂಡ್ ಕಟ್ಟಿದ. ಕಿವಿ ಹರಿಯುವಂಥ ಸಿಟ್ಟಿನ ಸಂಗೀತ ಅದು. 2007ರ ಹೊತ್ತಿಗೆ ಆ ಬ್ಯಾಂಡ್ ನಿಲ್ಲಿಸಿಬಿಟ್ಟ. ಮನೆಯಲ್ಲಿ ಪುಟ್ಟ ಮಗು, ಕುಡಿತ ಗಿಡಿತ ಎಲ್ಲ ಬಿಟ್ಟ ಕಾಲ. ಅದೇ ವರ್ಷ ಮೇ ತಿಂಗಳಲ್ಲಿ ‘ಜಿಲ್ಟಾಯ್ಡ್ ದಿ ಆಮ್ನಿಷಿಯಂಟ್’ ಹೊರಗೆ ಬಂತು. ಹಾಡಿದ್ದು ಅವನೇ, ಗಿಟಾರ್ ಬೇಸ್ ಎಲ್ಲ ಅವನೇ. ಡ್ರಮ್ಸ್ ಕೂಡ ಕಂಪ್ಯೂಟರಿನಲ್ಲಿ ತಾನೇ ಕೂಡಿಸಿದ್ದು.

ಕಥೆ ಹೇಳಿದರೆ ಯಾರಾದರೂ ನಗುತ್ತಾರೆ. ಜಿಲ್ಟಾಯ್ಡಿಯಾ 9 ಅನ್ನೋ ಗ್ರಹದಿಂದ ಜಿಲ್ಟಾಯ್ಡ್ ಎಂಬ ಅನ್ಯಗ್ರಹದ ಜೀವಿ ಭೂಮಿಗೆ ಬರುತ್ತಾನೆ. ಅವನಿಗೆ ಬೇಕಾದ್ದು ಚಿನ್ನ ಅಲ್ಲ, ನೆಲ ಅಲ್ಲ. ಇಡೀ ವಿಶ್ವದಲ್ಲೇ ಅತ್ಯುತ್ತಮವಾದ ಒಂದು ಕಪ್ ಕಾಫಿ. ಅದೂ ಐದೇ ನಿಮಿಷದಲ್ಲಿ. ಕೊಟ್ಟ ಕಾಫಿ ಬಾಯಿಗೆ ಹಿಡಿಸುವುದಿಲ್ಲ. ಆ ಸಿಟ್ಟಿಗೆ ಭೂಮಿಯ ಮೇಲೆ ದಂಡೆತ್ತಿ ಬರುತ್ತಾನೆ. ಕ್ಯಾಪ್ಟನ್ ಸ್ಪೆಕ್ಟಾಕ್ಯುಲರ್ ಅನ್ನೋ ಹೀರೋ ಎದುರು ನಿಲ್ಲುತ್ತಾನೆ. ಇದರ ಮುಂದುವರಿದ ಕಥೆಯೇ 2014ರ ಜೋಡಿ ಆಲ್ಬಮ್ಮಿನ ಎರಡನೇ ಭಾಗ, ‘ಡಾರ್ಕ್ ಮ್ಯಾಟರ್ಸ್’. ಮೊದಲ ಭಾಗ ‘ಸ್ಕೈ ಬ್ಲೂ’ದಲ್ಲಿ ಕಥೆ ಇಲ್ಲ, ಬರೀ ಹಾಡುಗಳು.

ನಾವು ಕೇಳಿದ್ದು ಬೆಳಗಾವಿಯ ಶಹಾಪುರದಲ್ಲಿ, ಗೆಳೆಯನ ಮನೆಯ ಮಾಳಿಗೆ ಮೇಲೆ. ಕೆಳಗೆ ಅವರ ಪವರ್‌ಲೂಮ್. ಮಗ್ಗ ನಡೀತಾ ಇದ್ದರೆ ಮೇಲಿನ ಕೋಣೆಯ ನೆಲ ನಡುಗುತ್ತದೆ, ಸ್ಟೀಲ್ ಲೋಟ ತಾನಾಗೇ ಜರುಗುತ್ತದೆ. ಅಂಥದ್ದರಲ್ಲಿ ಮೆಟಲ್ ಕೇಳಿದರೆ ಡ್ರಮ್ಸ್ ಯಾವುದು, ಮಗ್ಗ ಯಾವುದು ಗೊತ್ತೇ ಆಗಲ್ಲ. ಅದಕ್ಕೆ ಸಂಜೆ ಮಗ್ಗ ನಿಲ್ಲುವವರೆಗೆ ಕಾದೆವು. ಗೆಳೆಯ ಸಿ.ಡಿ. ತರಿಸಿದ್ದ. ಪ್ಲಾಸ್ಟಿಕ್ ಹರಿದು, ಒಳಗಿನ ಪುಸ್ತಕ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಅವರ ಅವ್ವ ಅವಲಕ್ಕಿ ಒಗ್ಗರಣೆ, ಚಹಾ ಕಳಿಸಿದ್ದರು. ಸ್ಪೀಕರ್ ಮಾತ್ರ ದೊಡ್ಡವು, ಒಂದು ಕಾಲಕ್ಕೆ ಮದುವೆ ಆರ್ಕೆಸ್ಟ್ರಾದಲ್ಲಿ ದುಡಿದವು.

‘ಡಾರ್ಕ್ ಮ್ಯಾಟರ್ಸ್’ ಶುರುವಾಗುತ್ತಿದ್ದಂತೆ ಕೋಣೆಯಲ್ಲಿ ಎರಡು ಪಕ್ಷ ಆದವು. ನಿರೂಪಕ ಬಂದು ಕಥೆ ಹೇಳುತ್ತಾನೆ. ವಾರ್ ಪ್ರಿನ್ಸೆಸ್ ಅನ್ನೋಳು ಬರುತ್ತಾಳೆ, ಅವಳ ಹಿಂದೆ ಪೂಜರ್ ಎಂಬ ಪಡೆ. ಕ್ಯಾಪ್ಟನ್ ಸ್ಪೆಕ್ಟಾಕ್ಯುಲರ್‌ಗೆ ದನಿ ಕೊಟ್ಟವನು ಕುಸ್ತಿಪಟು ಕ್ರಿಸ್ ಜೆರಿಕೋ. ಇದು ಗೊತ್ತಾದಾಗ ಟಿ.ವಿ.ಯಲ್ಲಿ ಕುಸ್ತಿ ನೋಡಿ ಬೆಳೆದ ನಮಗೆಲ್ಲ ಖುಷಿಯೋ ಖುಷಿ. ಆದರೆ ನಮ್ಮ ಗಿಟಾರ್ ಹುಡುಗ ಮೂರನೇ ಹಾಡಿಗೇ ತಾಳ್ಮೆ ಕಳಕೊಂಡ. ‘ಲೇ, ಮಾತು ಸಾಕಲೇ, ರಿಫ್ ಹಾಕಂದ್ರ ನಾಟಕ ಹಚ್ಚ್ಯಾನ’ ಅಂದ. ರಿಫ್ ಅಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ತುಣುಕು. ಮನೆಗೆ ಹೋದವನೇ ಕಂಪ್ಯೂಟರಿನಲ್ಲಿ ಮಾತೆಲ್ಲ ಕತ್ತರಿಸಿ, ಬರೀ ಹಾಡು ಉಳಿಸಿ, ಪೆನ್‌ಡ್ರೈವ್‌ನಲ್ಲಿ ಎಲ್ಲರಿಗೂ ಹಂಚಿದ.

ಇನ್ನೊಬ್ಬ, ಖಡೇಬಜಾರದಲ್ಲಿ ಬಟ್ಟೆ ಅಂಗಡಿ ಇರುವವನು, ಪೂರ್ತಿ ಉಲ್ಟಾ. ಅವನಿಗೆ ಮೆಟಲ್ ಅಂದರೆ ಅಷ್ಟಕ್ಕಷ್ಟೇ. ಆದರೆ ‘ಮಾರ್ಚ್ ಆಫ್ ದ ಪೂಜರ್ಸ್’ ಬಂದಾಗ ಎದ್ದು ಕೂತ. ಆ ಹಾಡಿಗೆ ಭಾರವಾದ, ಸಾವಕಾಶದ ನಡೆ ಇದೆ. ಹೆಜ್ಜೆ ಹಾಕುವ ಪಡೆ ಕಣ್ಣಿಗೆ ಕಾಣುತ್ತದೆ. ‘ಕಾಫಿ ಸಲುವಾಗಿ ಇಷ್ಟೆಲ್ಲ ಯುದ್ಧ ಶುರು ಆತು ಏನು? ನಮ್ಮ ಕಡೆ ಬಂದಿದ್ರ ಒಂದು ಖಡಕ್ ಚಹಾ ಕುಡಿಸಿ ಕಳಸ್ತಿದ್ವಿ’ ಅಂದ. ನನ್ನ ಕಾಕಾನ ಮಗಳು ಆಗ ಕಾಲೇಜಿನಲ್ಲಿದ್ದಳು. ಅವಳು ಜಿಲ್ಟಾಯ್ಡ್ ಬಗ್ಗೆ ಕೇಳಿದ ಪ್ರಶ್ನೆ ಬೇರೆ: ‘ಅಣ್ಣಾ, ಇವ ನಿಜವಾಗ್ಲೂ ಕೆಟ್ಟಾವ ಅದಾನೇನು, ಇಲ್ಲಾ ಒಬ್ಬಂಟಿ ಅದಾನೇನು?’ ಅವತ್ತು ಆ ಕೋಣೆಯಲ್ಲಿ ಬಂದ ಮಾತುಗಳಲ್ಲಿ ಇದೇ ಎಲ್ಲಕ್ಕಿಂತ ಒಳ್ಳೇದು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಅವಳ ಪ್ರಶ್ನೆಗೆ ಉತ್ತರ ಇರೋದು 2007ರ ಆಲ್ಬಮ್ಮಿನಲ್ಲಿ. ಮೊದಲ ಅರ್ಧ ಬರೀ ತಮಾಷೆ. ಜಿಲ್ಟಾಯ್ಡ್ ಬಡಾಯಿ ಕೊಚ್ಚುತ್ತಾನೆ, ಬೆದರಿಸುತ್ತಾನೆ. ಆದರೆ ‘ಸೋಲಾರ್ ವಿಂಡ್ಸ್’ ಬರುತ್ತಿದ್ದಂತೆ ದನಿ ಮೆತ್ತಗಾಗುತ್ತದೆ. ಗಿಟಾರ್ ಸದ್ದು ದೂರ ಸರಿಯುತ್ತದೆ. ಅದರ ಬೆನ್ನಿಗೇ ‘ಹೈಪರ್‌ಡ್ರೈವ್’. ಇದು ಎಷ್ಟು ಚೆಂದದ ಹಾಡು ಅಂದರೆ, 2009ರಲ್ಲಿ ‘ಅಡಿಕ್ಟೆಡ್’ ಆಲ್ಬಮ್ಮಿಗೆ ಅನೆಕೆ ವಾನ್ ಗೀರ್ಸ್‌ಬರ್ಗನ್ ಕೈಲಿ ಅದನ್ನೇ ಮತ್ತೆ ಹಾಡಿಸಿದ. ಮುಂದೆ ಜಿಲ್ಟಾಯ್ಡ್ ಸೃಷ್ಟಿಕರ್ತನ ಹತ್ತಿರ ಹೋಗುತ್ತಾನೆ. ಆ ಸೃಷ್ಟಿಕರ್ತ ಅವನಿಗೆ ಹೇಳೋದು ಒಂದೇ ಮಾತು: ನೀನು ಬರೀ ಒಂದು ಗೊಂಬೆ, ನಾವೆಲ್ಲರೂ ಗೊಂಬೆಗಳೇ. ಜಿಲ್ಟಾಯ್ಡ್ ನಿಜಕ್ಕೂ ಗೊಂಬೆ. ವಿಡಿಯೊಗಳಲ್ಲಿ ಡೆವಿನ್ ಕೈಯಲ್ಲಿ ಆಡಿಸುವ ಗೊಂಬೆ. ಅಷ್ಟು ಹೊತ್ತು ನಕ್ಕವರಿಗೆ ಅಲ್ಲಿ ಎದೆ ಝಲ್ ಅನ್ನುತ್ತದೆ. ಆಮೇಲೆ ಬರುವ ‘ಕಲರ್ ಯುವರ್ ವರ್ಲ್ಡ್’, ‘ದಿ ಗ್ರೇಯ್ಸ್’ ಎರಡರಲ್ಲೂ ನಗುವುದಕ್ಕೆ ಏನೂ ಉಳಿದಿಲ್ಲ.

ಕಡೆಯ ತುಣುಕು ‘ಟಾಲ್ ಲಾಟೆ’ ಬಗ್ಗೆ ಅಭಿಮಾನಿಗಳಿಗೆ ಬಹಳ ಸಿಟ್ಟು. ಕಾಫಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಕಂಡ ಹಗಲುಗನಸು ಇದೆಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ. ಕೆಲಸದ ಹೊತ್ತಿನಲ್ಲಿ ನಿದ್ದೆ ಹೋಗಿದ್ದಕ್ಕೆ ಬೈಸಿಕೊಳ್ಳುತ್ತಾನೆ. ‘ಇಷ್ಟೊತ್ತು ಕೇಳಿಸಿ ಕನಸಂತ ಹೇಳ್ತಾನಲ್ಲ’ ಅಂತ ಗಿಟಾರ್ ಹುಡುಗ ಗೊಣಗಿದ್ದ. ನನಗೆ ಹಾಗೆ ಅನಿಸಲಿಲ್ಲ. ನಾನು ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗಗಳ ತಪಾಸಣೆ ಮಾಡುವವನು. ಮೈಕ್ರೋಮೀಟರ್ ಹಿಡಿದು ಒಂದೇ ಅಳತೆಯ ಪೀಸುಗಳನ್ನು ಶಿಫ್ಟ್ ಮುಗಿಯೋ ತನಕ ನೋಡಬೇಕು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ತಲೆ ಎಲ್ಲೆಲ್ಲೋ ಹೋಗಿ ಬರುತ್ತದೆ. ದಿನವಿಡೀ ಬೇರೆಯವರಿಗೆ ಕಾಫಿ ಮಾಡಿ ಕೊಡುವ ಹುಡುಗ, ತಾನು ಮಾಡಿದ ಕಾಫಿಗಾಗಿ ಬ್ರಹ್ಮಾಂಡವೇ ಇಳಿದು ಬಂದಂತೆ ಕನಸು ಕಾಣುತ್ತಾನೆ. ಇದಕ್ಕಿಂತ ನಿಜವಾದ ಕೊನೆ ಇನ್ನೇನು ಇರಬಹುದು?

ಮಾತು ಬೇಕು ಅನ್ನೋಕೆ ನನಗೆ ಕಾರಣ ಸಿಕ್ಕಿದ್ದು ನಮ್ಮ ಸೋದರಮಾವನಿಂದ. ಅವರು ಮೂಡಲಗಿ ಕಡೆಯವರು. ಪಾರಿಜಾತದ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದರು. ಶ್ರೀಕೃಷ್ಣ ಪಾರಿಜಾತ ಅಂದರೆ ನಮ್ಮ ಕಡೆ ರಾತ್ರಿ ಬೆಳತನಕ ಆಡುವ ಆಟ. ಕುಲಗೋಡ ತಮ್ಮಣ್ಣ ಬೆಳೆಸಿದ ಆಟ, ಕೌಜಲಗಿ ನಿಂಗಮ್ಮ ಊರೂರು ತಿರುಗಿ ಹೆಸರಾದ ಆಟ. ಕಥೆ ಇಷ್ಟೇ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಒಂದು ಹೂವಿನ ಸಲುವಾಗಿ ಇಡೀ ರಾತ್ರಿ. ಅಲ್ಲಿ ದೂತಿ ಬಂದು ಭಾಗವತನ ಜೊತೆ ಮಾತಿಗೆ ಇಳಿದಳು ಅಂದರೆ ಜನ ಬಿದ್ದು ಬಿದ್ದು ನಗುತ್ತಾರೆ. ಆ ನಗು ಇನ್ನೂ ತುಟಿ ಮೇಲೆ ಇರುವಾಗಲೇ ಭಾಮೆಯ ಪದ ಶುರುವಾಗುತ್ತದೆ. ಹಿಮ್ಮೇಳದವರು ಏರು ದನಿಯಲ್ಲಿ ಎತ್ತಿಕೊಳ್ಳುತ್ತಾರೆ. ನಗುತ್ತಿದ್ದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಮಾಮಾ ಒಮ್ಮೆ ಬೆಳಗಾವಿಗೆ ಬಂದಾಗ ಅವರಿಗೆ 2007ರ ಆಲ್ಬಮ್ ಪೂರ್ತಿ ಕೇಳಿಸಿದೆ. ಇಂಗ್ಲಿಷ್ ಅವರಿಗೆ ಬರಲ್ಲ. ಕಥೆಯನ್ನು ನಾನೇ ಆಗಾಗ ನಿಲ್ಲಿಸಿ ಹೇಳುತ್ತಿದ್ದೆ. ಮೊದಲು ಕಿವಿಯ ಮೇಲೆ ಕೈ ಇಟ್ಟುಕೊಂಡರು, ಸದ್ದು ಜಾಸ್ತಿ ಆಯಿತು ಅಂತ. ಆಮೇಲೆ ಕೈ ಇಳಿಸಿದರು. ‘ಸೋಲಾರ್ ವಿಂಡ್ಸ್’ ಬಂದಾಗ ಬಲಗೈ ಬೆರಳುಗಳು ತೊಡೆಯ ಮೇಲೆ ಆಡತೊಡಗಿದವು. ಪೇಟಿಯ ಮನೆಗಳನ್ನು ಹುಡುಕುವ ಬೆರಳುಗಳು ಅವು. ಹಿಮ್ಮೇಳದ ಹಾಗೆ ದನಿ ಏರುವ ಜಾಗ ಬರುತ್ತಿದ್ದಂತೆ, ಬರುವುದಕ್ಕೂ ಒಂದು ಗಳಿಗೆ ಮೊದಲೇ, ತಲೆ ಆಡಿಸಿದರು. ಎಲ್ಲ ಮುಗಿದ ಮೇಲೆ ಅಂದರು: ‘ತಮ್ಮಾ, ಇವಾ ಮೊದಲ ನಗಸ್ತಾನ, ಆಮ್ಯಾಲ ಕುತಗಿ ಹಿಡಿತಾನ. ಆಟ ಆಡ್ಸೋದು ಗೊತ್ತೈತಿ ಇವಂಗ.’ ಮಾತು ಕತ್ತರಿಸಿದ ಪೆನ್‌ಡ್ರೈವ್ ಬಗ್ಗೆ ಹೇಳಿದೆ. ಮಾಮಾನ ಮುಖ ಗಂಟಾಯಿತು. ‘ದೂತಿನ್ನ ಕಳಿಸಿಬಿಟ್ರ ಭಾಮಿ ಅಳು ಯಾರಿಗೆ ಬೇಕು?’ ಅಂದರು.

ನನ್ನ ವಾದವೆಲ್ಲ ಅಷ್ಟೇ. ಅವರು ಒಂದೇ ಸಾಲಿನಲ್ಲಿ ಹೇಳಿದರು. ಹಾಡು ಮಾತ್ರ ಕೇಳಿದರೆ ‘ದಿ ಗ್ರೇಯ್ಸ್’ ಒಂದು ಚೆಂದದ ಹಾಡು, ಅಷ್ಟೇ. ಜಿಲ್ಟಾಯ್ಡ್‌ನ ಬಡಾಯಿ ಕೇಳಿ, ಅವನು ಗೊಂಬೆ ಅಂತ ಗೊತ್ತಾದ ಮೇಲೆ ಅದೇ ಹಾಡು ಕೇಳಿದರೆ ಅದರ ತೂಕವೇ ಬೇರೆ.

ಹಾಗಂತ ಗಿಟಾರ್ ಹುಡುಗನ ದೂರು ಸುಮ್ನೆ ಎದ್ದಿದ್ದಲ್ಲ. ‘ಡಾರ್ಕ್ ಮ್ಯಾಟರ್ಸ್’ನಲ್ಲಿ ಮಾತು ನಿಜಕ್ಕೂ ಜಾಸ್ತಿ. 2007ರಲ್ಲಿ ಎಲ್ಲ ದನಿಯೂ ಡೆವಿನ್‌ನದೇ. ಹಾಗಾಗಿ ಮಾತು ಎಲ್ಲಿ ನಿಂತಿತು, ಹಾಡು ಎಲ್ಲಿ ಶುರುವಾಯಿತು ಗೊತ್ತೇ ಆಗುತ್ತಿರಲಿಲ್ಲ. 2014ರಲ್ಲಿ ಪಾತ್ರಕ್ಕೊಬ್ಬರು ಬಂದರು, ಮೇಲೆ ನಿರೂಪಕ ಬೇರೆ. ಸಂಗೀತ ಆಗಲೇ ಹೇಳಿದ್ದನ್ನು ನಿರೂಪಕ ಮತ್ತೆ ಹೇಳುತ್ತಾನೆ. 1978ರಲ್ಲಿ ಜೆಫ್ ವೇಯ್ನ್ ಮಾಡಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಆಲ್ಬಮ್ಮಿನಲ್ಲೂ ನಿರೂಪಣೆ ಉದ್ದಕ್ಕೂ ಇದೆ. ಆದರೆ ಅಲ್ಲಿ ನಿರೂಪಕ ರಿಚರ್ಡ್ ಬರ್ಟನ್ ಮಾತಾಡುವಾಗ ಹಿಂದಿನ ಸಂಗೀತ ಅವನಿಗಾಗಿ ಕಾಯುತ್ತದೆ. ‘ಡಾರ್ಕ್ ಮ್ಯಾಟರ್ಸ್’ನಲ್ಲಿ ಎಲ್ಲರೂ ಒಟ್ಟಿಗೇ ಓಡುತ್ತಾರೆ, ಕೇಳುವವರಿಗೆ ಉಸಿರು ತಗೊಳ್ಳೋಕೆ ಜಾಗ ಇಲ್ಲ. ಹಾಗಿದ್ದರೂ ಮಾತನ್ನು ಬೇರಿನ ಸಮೇತ ಕಿತ್ತು ಹಾಕೋದು ಪರಿಹಾರ ಅಲ್ಲ. ಕಿತ್ತ ಮೇಲೆ ವಾರ್ ಪ್ರಿನ್ಸೆಸ್ ಯಾರ ಮೇಲೆ ಕೂಗುತ್ತಿದ್ದಾಳೆ ಅನ್ನೋದೇ ತಿಳಿಯುವುದಿಲ್ಲ.

ಆ ಆಲ್ಬಮ್ಮಿನಲ್ಲಿ ನನಗೆ ಬಹಳ ಇಷ್ಟವಾದದ್ದು ಮಾತ್ರ ಮೇಳದ ಕೋರಸ್. ಡೆವಿನ್ ಅಭಿಮಾನಿಗಳನ್ನೇ ಕರೆದು, ನಿಮ್ಮ ನಿಮ್ಮ ಮನೆಯಲ್ಲಿ ಹಾಡಿ ರೆಕಾರ್ಡ್ ಮಾಡಿ ಕಳಿಸಿ ಅಂದ. ಬಂದ ದನಿಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಿ ‘ಯೂನಿವರ್ಸಲ್ ಕಾಯರ್’ ಅಂತ ಹೆಸರಿಟ್ಟ. ಯಾವ್ಯಾವುದೋ ದೇಶದ ಅಡುಗೆಮನೆ, ಮಲಗೋ ಕೋಣೆಗಳಲ್ಲಿ ಹಾಡಿದ ಜನ ಅವರು. ಹಾಡುಗಾರರಲ್ಲ, ಬರೀ ಕೇಳುಗರು. ಪಾರಿಜಾತದಲ್ಲೂ ಹಾಗೇ ಅಲ್ವಾ? ಗೊತ್ತಿರುವ ಪದ ಬಂದರೆ ಮುಂದೆ ಕೂತವರೂ ಗುನುಗುತ್ತಾರೆ.

2015ರ ಏಪ್ರಿಲ್ 13ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜಿಲ್ಟಾಯ್ಡ್ ಕಥೆಯನ್ನು ವೇದಿಕೆ ಮೇಲೆ ಆಡಿದರು. ಅದರ ಡಿ.ವಿ.ಡಿ. ಬಂದಾಗ ಮತ್ತೆ ಶಹಾಪುರದ ಮಾಳಿಗೆಯಲ್ಲೇ ಸೇರಿದೆವು. ಕಣ್ಣಿಗೆ ಕಾಣುವಂತೆ ಆಡಿದಾಗ ಮಾತು ಯಾರಿಗೂ ಜಾಸ್ತಿ ಅನಿಸಲಿಲ್ಲ. ಗಿಟಾರ್ ಹುಡುಗನೂ ಬಾಯಿ ತೆರೆಯದೆ ನೋಡಿದ. ಮುಗಿದ ಮೇಲೆ ಅಂದ: ‘ನೋಡಾಕ ಸರಿ ಐತಿ. ಕೇಳಾಕ ಅಲ್ಲ.’ ಅಲ್ಲಿಗೆ ವಾದ ಇನ್ನೊಂದು ಹೊರಳು ತಗೊಂಡಿತು. ಕಣ್ಣು ಮುಚ್ಚಿ ಕೇಳುವವನಿಗೆ ತಲೆಯೊಳಗೇ ರಂಗ ಸಿದ್ಧ ಇರಬೇಕು ಅಂತ ನಾನು. ಅದನ್ನು ಸಿದ್ಧ ಮಾಡೋದು ಸಂಗೀತದ ಕೆಲಸ, ಕೇಳುಗನದಲ್ಲ ಅಂತ ಅವನು. ಅವನ ಮಾತಲ್ಲೂ ಹುರುಳಿದೆ.

ಇಷ್ಟು ಓದಿದ ಮೇಲೆ ಕೇಳಬೇಕು ಅನಿಸಿದವರಿಗೆ ಒಂದು ಕೋರಿಕೆ. 2007ರ ಜಿಲ್ಟಾಯ್ಡ್‌ನಿಂದಲೇ ಶುರು ಮಾಡಿ. ಹನ್ನೊಂದು ತುಣುಕು, ಒಂದು ಗಂಟೆಯೂ ಆಗಲ್ಲ. ಷಫಲ್ ಬಂದ್ ಇರಲಿ, ಹಾಡು ದಾಟಿಸಬೇಡಿ. ಮೊದಲ ಹಾಡುಗಳ ಗದ್ದಲಕ್ಕೆ ಹೆದರಿ ನಿಲ್ಲಿಸಬೇಡಿ, ‘ಸೋಲಾರ್ ವಿಂಡ್ಸ್’ ತನಕ ಬನ್ನಿ. ‘ಡಾರ್ಕ್ ಮ್ಯಾಟರ್ಸ್’ ಆಮೇಲೆ. ಅದನ್ನು ಸಾಧ್ಯವಾದರೆ ಇಬ್ಬರು ಮೂವರು ಕೂಡಿ ಕೇಳಿ. ನಿಮ್ಮ ಪಕ್ಷ ಯಾವುದು ಅಂತ ಕೆಳಗೆ ಬರೆಯಿರಿ, ಗಿಟಾರ್ ಹುಡುಗನಿಗೂ ತೋರಿಸುತ್ತೇನೆ.