ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್: ಮೂರೇ ಊರು, ರೈಲಿನಲ್ಲಿ

ಯೂರೋಪಿಗೆ ಹೋಗುತ್ತೇವೆ ಅಂದ ಕೂಡಲೇ ಎಲ್ಲರೂ ಮೊದಲು ಕೇಳುವುದು "ಎಷ್ಟು ದೇಶ?" ಅಂತ. ಪ್ಯಾಕೇಜ್ ಟೂರಿನವರು ಹತ್ತು ದಿನಕ್ಕೆ ಏಳು ದೇಶ ತೋರಿಸುತ್ತೇವೆ ಅನ್ನುತ್ತಾರೆ. ತೋರಿಸುತ್ತಾರೆ ಕೂಡ, ಬಸ್ಸಿನ ಕಿಟಕಿಯಿಂದ. ಮೊದಲ ಸಲ ಸ್ನೇಹಿತರ ಜೊತೆ ಹೋಗುವವರಾದರೆ ನನ್ನ ಸಲಹೆ ಇಷ್ಟೇ: ಮೂರು ಊರು ಸಾಕು. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರೂ ಒಂದೇ ರೈಲುದಾರಿಯಲ್ಲಿ ಸಿಗುತ್ತವೆ. ಪ್ರಾಗ್‌ನಿಂದ ವಿಯೆನ್ನಾಕ್ಕೆ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಬುಡಾಪೆಸ್ಟಿಗೆ ಎರಡೂವರೆಯಿಂದ ಮೂರು ಗಂಟೆ. ಊರಿಗೆ ಮೂರು ರಾತ್ರಿಯಾದರೂ ಇಟ್ಟುಕೊಳ್ಳಿ. ಪ್ರಾಗ್‌ಗೆ ಇನ್ನೊಂದು ಜಾಸ್ತಿ ಇರಲಿ.

ವಿಮಾನದ ಟಿಕೆಟ್ ತೆಗೆಯುವಾಗ ಹೋಗುವುದು ಪ್ರಾಗ್‌ಗೆ, ವಾಪಸ್ ಬರುವುದು ಬುಡಾಪೆಸ್ಟ್‌ನಿಂದ ಅಂತ ತೆಗೆಯಿರಿ. ಬೆಂಗಳೂರಿನಿಂದ ಈ ಊರುಗಳಿಗೆ ನೇರ ವಿಮಾನ ಇಲ್ಲ. ದುಬೈ ಅಥವಾ ಫ್ರಾಂಕ್‌ಫರ್ಟ್, ಮ್ಯೂನಿಕ್ ಕಡೆಯಿಂದ ಬದಲಾಯಿಸಿ ಹೋಗಬೇಕು. ಹಾಗಾಗಿ ಎರಡು ಬೇರೆ ಊರು ಹಾಕಿದರೂ ದರದಲ್ಲಿ ದೊಡ್ಡ ವ್ಯತ್ಯಾಸ ಆಗುವುದು ಕಡಿಮೆ, ಮತ್ತೆ ಪ್ರಾಗ್‌ಗೆ ಮರಳುವ ಒಂದು ಇಡೀ ದಿನ ಉಳಿಯುತ್ತದೆ.

ವೀಸಾ ವಿಷಯ. ಪ್ರಾಗ್ ಇರುವ ಚೆಕ್ ಗಣರಾಜ್ಯ, ವಿಯೆನ್ನಾದ ಆಸ್ಟ್ರಿಯಾ, ಬುಡಾಪೆಸ್ಟಿನ ಹಂಗೇರಿ, ಮೂರೂ ದೇಶ ಷೆಂಗೆನ್ ಅನ್ನುವ ಒಂದೇ ವೀಸಾ ಗುಂಪಿನ ಒಳಗಿವೆ, ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ರಾತ್ರಿಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಶುಲ್ಕ ದೊಡ್ಡವರಿಗೆ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ ಹದಿನೈದು ದಿನ ಮುಂಚೆ ಹಾಕಲೇಬೇಕು. ಆದರೆ ಹದಿನೈದು ದಿನ ಅನ್ನುವುದನ್ನು ನಂಬಿ ಕೂರಬೇಡಿ. ಬೇಸಿಗೆಗೆ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವಂಥದ್ದಾಗಿರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಆಫೀಸಿನಿಂದ ರಜೆಯ ಪತ್ರ, ಹೋಟೆಲ್ ಬುಕಿಂಗ್ ಎಲ್ಲ ಸೇರಿಸಿ. ಗುಂಪಿನಲ್ಲಿ ಹೋಗುವವರು ಎಲ್ಲರ ಪ್ರವಾಸದ ಪಟ್ಟಿಯಲ್ಲೂ ತಾರೀಖು, ಹೋಟೆಲ್ ಹೆಸರು ಒಂದೇ ಥರ ಇದೆಯಾ ಅಂತ ಕೂತು ನೋಡಿ. ಒಬ್ಬರದ್ದರಲ್ಲಿ ವಿಯೆನ್ನಾ ಮೂರು ರಾತ್ರಿ, ಇನ್ನೊಬ್ಬರದ್ದರಲ್ಲಿ ನಾಲ್ಕು ಅಂತಿದ್ದರೆ ಸುಮ್ನೆ ಅನುಮಾನಕ್ಕೆ ದಾರಿ.

ಯಾರ ಜೊತೆ ಹೋಗುತ್ತೀರಿ ಅನ್ನುವುದು ವೀಸಾಗಿಂತ ದೊಡ್ಡ ವಿಷಯ. ನಮ್ಮದು ಕೊಡಚಾದ್ರಿ, ಕುಮಾರ ಪರ್ವತ ಅಂತ ಬೆನ್ನಿಗೆ ಚೀಲ ಹಾಕಿಕೊಂಡು ಒಟ್ಟಿಗೆ ಅಲೆದ ಗುಂಪು. ಯಾರು ಗೊರಕೆ ಹೊಡೆಯುತ್ತಾರೆ, ಯಾರಿಗೆ ಬೆಳಗ್ಗೆ ಎದ್ದ ತಕ್ಷಣ ಕಾಫಿ ಸಿಗದಿದ್ದರೆ ಸಿಟ್ಟು ಬರುತ್ತದೆ, ಯಾರ ಕೈಗೆ ಲೆಕ್ಕ ಕೊಟ್ಟರೆ ಸರಿ, ಎಲ್ಲ ಗೊತ್ತಿತ್ತು. ಹಾಗೆ ಗೊತ್ತಿಲ್ಲದ ಗುಂಪಾದರೆ ಹೊರಡುವ ಮುಂಚೆ ಎರಡು ದಿನ ಚಿಕ್ಕಮಗಳೂರು ಕಡೆ ಎಲ್ಲಾದರೂ ಟೆಂಟ್ ಹಾಕಿ ಬನ್ನಿ. ಜಗಳ ಆಗುವುದಿದ್ದರೆ ಅಲ್ಲೇ ಆಗಿಹೋಗಲಿ, ಕಡಿಮೆ ಖರ್ಚಲ್ಲಿ.

ಪ್ರಾಗ್‌ನಲ್ಲಿ ನಾವು ಮೊದಲು ಉಳಿದದ್ದು ಟೆಂಟಿನಲ್ಲೇ. ಊರಿನ ಉತ್ತರಕ್ಕೆ ವ್ಲ್ತಾವಾ ನದಿಯ ಪಕ್ಕ ತ್ರೋಯಾ ಅನ್ನುವ ಬಡಾವಣೆ ಇದೆ. ಪ್ರಾಗ್ ಝೂ ಇರುವುದೂ ಅಲ್ಲೇ. ಅಲ್ಲಿ ಮನೆಗಳ ಹಿತ್ತಲಿನಲ್ಲೇ ಕ್ಯಾಂಪಿಂಗ್ ಜಾಗಗಳಿವೆ, ಟ್ರಾಮ್ ಹತ್ತಿದರೆ ಹಳೇ ಊರಿಗೆ ಬಂದುಬಿಡಬಹುದು. ಕ್ಯಾಂಪಿಂಗ್ ಅಂದರೆ ನಮ್ಮ ಕಾಡಿನ ಥರ ಅಂದುಕೊಳ್ಳಬೇಡಿ. ಹಣ್ಣಿನ ಮರಗಳ ಕೆಳಗೆ ಕತ್ತರಿಸಿದ ಹುಲ್ಲು, ಪಕ್ಕದಲ್ಲಿ ಜರ್ಮನಿ ನಂಬರ್ ಪ್ಲೇಟಿನ ಕ್ಯಾರವಾನ್, ಅದರ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಪೇಪರ್ ಓದುವ ಅಜ್ಜ, ಬಿಸಿನೀರಿನ ಸ್ನಾನದ ಮನೆ, ಪಾತ್ರೆ ತೊಳೆಯುವುದಕ್ಕೆ ಬೇರೆ ಸಿಂಕು. ನಾವು ಮೂಟೆಯಿಂದ ಅವಲಕ್ಕಿ, ಚಟ್ನಿಪುಡಿ ತೆಗೆದು ಕಲಸುತ್ತಿದ್ದರೆ ಆ ಅಜ್ಜ ಕನ್ನಡಕ ಮೇಲೇರಿಸಿ ನೋಡುತ್ತಲೇ ಇದ್ದರು. ಕೊಟ್ಟೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಹಾಕಿಸಿಕೊಂಡರು.

ದರ ತಲೆಗಿಷ್ಟು, ಟೆಂಟಿಗಿಷ್ಟು ಅಂತ ಬೇರೆ ಬೇರೆ ಹಾಕುತ್ತಾರೆ, ಕೇಳಿಕೊಂಡು ಬುಕ್ ಮಾಡಿ. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಚೀಲದಲ್ಲೂ ಇಲ್ಲ. ಸ್ಟೌವ್ ಒಯ್ಯುವುದಾದರೂ ಏರ್‌ಲೈನಿನವರನ್ನು ಕೇಳಿ. ಕ್ಯಾನಿಸ್ಟರ್ ಅಲ್ಲೇ ಕೊಳ್ಳಿ, ಪ್ರಾಗ್‌ನಲ್ಲಿ ಡೆಕಾಥ್ಲಾನ್ ಇದೆ. ಟೆಂಟಿನ ಗೂಟಗಳು ಚೆಕ್-ಇನ್ ಚೀಲಕ್ಕೆ ಹೋಗಲಿ. ಮೇ ತಿಂಗಳಲ್ಲೂ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ತೆಳ್ಳಗಿನ ಸ್ಲೀಪಿಂಗ್ ಬ್ಯಾಗ್ ನಂಬಬೇಡಿ. ಸಿಕ್ಕ ಸಿಕ್ಕ ಪಾರ್ಕಿನಲ್ಲಿ, ಕಾಡಿನಲ್ಲಿ ಟೆಂಟ್ ಹಾಕುವ ಯೋಚನೆ ಬೇಡವೇ ಬೇಡ, ದಂಡ ಬೀಳುತ್ತದೆ. ಟೆಂಟ್ ಬೇಡ ಅನ್ನುವವರು ಟ್ರಾಮ್ ದಾರಿಯಲ್ಲಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ನಾಲ್ಕು ಜನಕ್ಕೆ ಹೋಟೆಲಿಗಿಂತ ಅಗ್ಗ ಬೀಳುತ್ತದೆ.

ತಿಂಡಿ ಒಯ್ಯುವ ಬಗ್ಗೆ ಇನ್ನೊಂದು ಮಾತು. ಹೊರದೇಶದಿಂದ ಬರುವವರು ಮಾಂಸ, ಹಾಲಿನ ಪದಾರ್ಥ ತರುವ ಹಾಗಿಲ್ಲ ಅಂತ ಯೂರೋಪಿನ ನಿಯಮ. ಅಮ್ಮ ಕಟ್ಟಿಕೊಟ್ಟ ತುಪ್ಪದ ಬಾಟಲಿ, ಧಾರವಾಡ ಪೇಡ ಮನೆಯಲ್ಲೇ ಇರಲಿ. ಕರಿಬೇವಿನ ಸೊಪ್ಪೂ ಬೇಡ. ಚಟ್ನಿಪುಡಿ, ಪುಳಿಯೋಗರೆ ಪುಡಿ, ಎಂಟಿಆರ್ ಪೊಟ್ಟಣ ಇದ್ದರೆ ಸಾಕು. ಅಕ್ಕಿ, ಮೊಸರು ಎಲ್ಲ ಕಡೆ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ.

ಹೊರಗೆ ತಿನ್ನುವ ಸಸ್ಯಾಹಾರಿಗಳಿಗೆ ಪ್ರಾಗ್‌ನಲ್ಲಿ ಸ್ಮಾಜೆನೀ ಸಿರ್ ಅಂತ ಸಿಗುತ್ತದೆ, ದಪ್ಪ ಚೀಸನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ನೋಡಿಕೊಳ್ಳಿ. ಬುಡಾಪೆಸ್ಟಿನ ಲಾಂಗೋಶ್ ನಮ್ಮ ದೊಡ್ಡ ಭಟೂರೆಯ ಹಾಗಿರುತ್ತದೆ, ಮೇಲೆ ಹುಳಿ ಕ್ರೀಮು, ಚೀಸು, ಬೆಳ್ಳುಳ್ಳಿ. ಕೆಲವರು ಹಂದಿ ಕೊಬ್ಬಿನಲ್ಲಿ ಕರಿಯುತ್ತಾರೆ, ಎಣ್ಣೆ ಯಾವುದು ಅಂತ ಕೇಳಿ. ಪ್ರಾಗ್‌ನ ಬೀದಿ ಬೀದಿಯಲ್ಲಿ ಸುತ್ತಿ ಸುಟ್ಟು ಮಾರುವ ತ್ರ್‌ದೆಲ್ನಿಕ್ ಅಲ್ಲಿನ ಹಳೇ ತಿಂಡಿ ಅಂತ ಬೋರ್ಡ್ ಹಾಕಿರುತ್ತಾರೆ. ಪ್ರವಾಸಿಗರಿಗೆ ಅಂತಲೇ ಅಲ್ಲಿ ಬೆಳೆದ ವ್ಯಾಪಾರ ಅದು. ಒಂದು ತಿನ್ನಿ, ಸಾಕು.

ದುಡ್ಡಿನ ವಿಷಯಕ್ಕೆ ಬಂದರೆ ಇಲ್ಲಿ ಸ್ವಲ್ಪ ಹುಷಾರು. ಯೂರೋ ನಡೆಯುವುದು ವಿಯೆನ್ನಾದಲ್ಲಿ ಮಾತ್ರ. ಪ್ರಾಗ್‌ನಲ್ಲಿ ಕೊರುನಾ, ಬುಡಾಪೆಸ್ಟಿನಲ್ಲಿ ಫೋರಿಂಟ್. ಮೂರೂ ಕಡೆ ಕಾರ್ಡ್ ಮುಟ್ಟಿಸಿದರೆ ನಡೆಯುತ್ತದೆ, ಹಾಗಾಗಿ ನೋಟು ಸ್ವಲ್ಪವೇ ಇಟ್ಟುಕೊಳ್ಳಿ. ಪ್ರಾಗ್‌ನ ಹಳೇ ಊರಿನ ಎಕ್ಸ್‌ಚೇಂಜ್ ಅಂಗಡಿ ಹತ್ತಿರ ನಿಂತಾಗ ಒಬ್ಬ ಬಂದು, ಒಳಗೆ ಕಮಿಷನ್ ಜಾಸ್ತಿ, ನಾನು ಒಳ್ಳೇ ರೇಟು ಕೊಡುತ್ತೇನೆ ಅಂತ ಮಡಚಿದ ನೋಟು ತೋರಿಸಿದ. ಬಿಡಿಸಿ ತೋರಿಸು ಅಂದೆವು. ಹಾಗೇ ಜೇಬಿಗೆ ಹಾಕಿಕೊಂಡು ನಡೆದ. ಇಂಥವರು ಚಲಾವಣೆ ತಪ್ಪಿದ ಬೇರೆ ದೇಶದ ನೋಟು ಕೊಟ್ಟು ಹೋಗುತ್ತಾರೆ. ಬೀದಿಯಲ್ಲಿ ಯಾರ ಹತ್ತಿರವೂ ಬದಲಾಯಿಸಬೇಡಿ. ಅಂಗಡಿಯಲ್ಲೇ ಕೆಟ್ಟ ರೇಟು ಕೊಟ್ಟರೆ ರಸೀದಿ ಇಟ್ಟುಕೊಳ್ಳಿ, 1000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ವಾಪಸ್ ಮಾಡಿಸುವ ಹಕ್ಕು ಚೆಕ್ ಕಾನೂನಿನಲ್ಲಿದೆ. ಎಟಿಎಂ ಬಳಸುವುದಾದರೆ ಬ್ಯಾಂಕಿನದ್ದೇ ಬಳಸಿ, ಮತ್ತೆ "ರೂಪಾಯಿಗೆ ಪರಿವರ್ತಿಸಲೇ" ಅಂತ ಪರದೆ ಕೇಳಿದರೆ ಬೇಡ ಅನ್ನಿ. ಅಂಗಡಿಯ ಕಾರ್ಡ್ ಯಂತ್ರದಲ್ಲೂ ಅಷ್ಟೇ.

ಪ್ರಾಗ್‌ನಲ್ಲಿ ಏನು ನೋಡಬೇಕು ಅನ್ನುವುದು ಎಲ್ಲ ಕಡೆ ಸಿಗುತ್ತದೆ, ಯಾವಾಗ ನೋಡಬೇಕು ಅನ್ನುವುದು ಮುಖ್ಯ. 1357ರಲ್ಲಿ ನಾಲ್ಕನೇ ಚಾರ್ಲ್ಸ್ ಕಟ್ಟಲು ಶುರು ಮಾಡಿಸಿದ ಚಾರ್ಲ್ಸ್ ಸೇತುವೆಗೆ ಬೆಳಗ್ಗೆ ಆರಕ್ಕೇ ಹೋಗಿ. ಹತ್ತು ಗಂಟೆಗೆ ಹೋದರೆ ಕಾಣುವುದು ಜನರ ಬೆನ್ನು ಮಾತ್ರ. ಅಲ್ಲಿಂದ ಹಾಗೇ ಕೋಟೆಯ ಕಡೆ ಹತ್ತಿ. ಹತ್ತಲಾಗದವರಿಗೆ 22ನೇ ನಂಬರ್ ಟ್ರಾಮ್ ಇದೆ. ಹಳೇ ಚೌಕದ 1410ರ ಗಡಿಯಾರ ಗಂಟೆ ಹೊಡೆಯುವಾಗ ಬೊಂಬೆಗಳು ಸುತ್ತುವುದನ್ನು ನೋಡಲು ದೊಡ್ಡ ಗುಂಪು ಸೇರುತ್ತದೆ. ನೋಡಿ, ಆದರೆ ಜೇಬಿನ ಮೇಲೊಂದು ಕೈ ಇರಲಿ. ಟ್ರಾಮ್, ಮೆಟ್ರೋಗೆ ಕಾಗದದ ಟಿಕೆಟ್ ಕೊಂಡರೆ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು. ಒತ್ತಿಸದ ಟಿಕೆಟ್ ಟಿಕೆಟ್ಟೇ ಅಲ್ಲ.

ರೈಲು. ಚೆಕ್ ರೈಲ್ವೆ, ಆಸ್ಟ್ರಿಯಾ ರೈಲ್ವೆಯ ರೈಲ್‌ಜೆಟ್ ಇದೆ, ರೆಜಿಯೋಜೆಟ್ ಅನ್ನುವ ಖಾಸಗಿ ಹಳದಿ ರೈಲೂ ಇದೆ. ಬೇಗ ತೆಗೆದಷ್ಟೂ ಅಗ್ಗ. ರೈಲ್‌ಜೆಟ್‌ನಲ್ಲಿ ಟಿಕೆಟ್ ಬೇರೆ, ಸೀಟ್ ರಿಸರ್ವೇಶನ್ ಬೇರೆ. ಗುಂಪಾಗಿ ಹೋಗುವವರು ಸ್ವಲ್ಪ ದುಡ್ಡು ಕೊಟ್ಟು ಸೀಟು ಕಾದಿರಿಸಿ. ಪ್ರಾಗ್ ಮುಖ್ಯ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ನಂಬರನ್ನು ರೈಲು ಹೊರಡುವ ಸ್ವಲ್ಪ ಮುಂಚೆಯಷ್ಟೇ ಬೋರ್ಡಿಗೆ ಹಾಕುತ್ತಾರೆ. ಎಲ್ಲರೂ ಕತ್ತೆತ್ತಿ ನಿಂತಿರುತ್ತಾರೆ, ನಂಬರ್ ಬಂದ ಕೂಡಲೇ ಒಟ್ಟಿಗೆ ಓಡುತ್ತಾರೆ. ಸೂಟ್‌ಕೇಸ್ ಒಬ್ಬರಿಗೆ ಒಂದೇ ಇರಲಿ ಅಂತ ಹೇಳುವುದು ಇದಕ್ಕೇ. ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ಇಳಿಸುವುದಿಲ್ಲ, ಒಮ್ಮೊಮ್ಮೆ ಪೊಲೀಸರು ಹತ್ತಿ ನೋಡುತ್ತಾರೆ. ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿರಲಿ.

ವಿಯೆನ್ನಾ ಮೂರರಲ್ಲಿ ದುಬಾರಿ. ಆದರೆ ಬಿಟ್ಟಿ ಸಿಗುವುದೂ ಅಲ್ಲೇ ಜಾಸ್ತಿ. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಚಿಲುಮೆಗಳಿಂದ ಬರುವಂಥದ್ದು, 1873ರಲ್ಲೇ ಕೊಳವೆ ಹಾಕಿ ತಂದಿದ್ದಾರೆ. ಬಾಟಲಿ ನೀರಿಗೆ ಒಂದು ಪೈಸೆ ಖರ್ಚು ಮಾಡಬೇಡಿ. ಶೋನ್‌ಬ್ರುನ್ ಅರಮನೆಯ ಒಳಗೆ ಟಿಕೆಟ್ ಇದೆ, ಅದರ ದೊಡ್ಡ ತೋಟ ಉಚಿತ. ಸಂಜೆ ತೋಟದ ಗುಡ್ಡ ಹತ್ತಿದರೆ ಊರೆಲ್ಲ ಕಾಣುತ್ತದೆ. ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ 20 ಯೂರೋ ಒಳಗೆ ಸಿಗುತ್ತದೆ, ಸೀಟಿನದ್ದು ನೂರು ದಾಟುವ ಜಾಗದಲ್ಲಿ. ಒಳಗೆ ಹೋದವರು ತಮ್ಮ ಜಾಗದ ಕಂಬಿಗೆ ಸ್ಕಾರ್ಫ್ ಕಟ್ಟಿ ಕಾಫಿಗೆ ಹೋಗುತ್ತಾರೆ, ಯಾರೂ ಬಿಚ್ಚುವುದಿಲ್ಲ, ನಮ್ಮ ಬಸ್ಸಿನಲ್ಲಿ ಕರ್ಚೀಫ್ ಹಾಕಿದ ಹಾಗೆ. ಹಾಡು ಅರ್ಥ ಆಗದಿದ್ದರೂ ಮೊದಲ ಅಂಕ ನೋಡಿ, ಕಾಲು ನೋವು ಬಂದರೆ ವಿರಾಮದಲ್ಲಿ ಎದ್ದು ಬನ್ನಿ. ಜುಲೈ, ಆಗಸ್ಟ್‌ನಲ್ಲಿ ಒಪೆರಾ ರಜೆ. ಅಷ್ಟೂ ಬೇಡ ಅಂದರೆ ಏಪ್ರಿಲ್‌ನಿಂದ ಜೂನ್‌ವರೆಗೆ ಮತ್ತು ಸೆಪ್ಟೆಂಬರ್‌ನಲ್ಲಿ ಹಲವು ಪ್ರದರ್ಶನಗಳನ್ನು ಹೊರಗಿನ ದೊಡ್ಡ ಪರದೆಯಲ್ಲಿ ಉಚಿತವಾಗಿ ತೋರಿಸುತ್ತಾರೆ.

ವಿಯೆನ್ನಾಕ್ಕೆ ಭಾನುವಾರ ಬೀಳದಂತೆ ನೋಡಿಕೊಳ್ಳಿ. ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳೇ ಗತಿ. ಮೆಟ್ರೋಗೆ ಗೇಟ್ ಇಲ್ಲ ಅಂತ ಟಿಕೆಟ್ ಇಲ್ಲದೆ ಹತ್ತುವ ಸಾಹಸ ಬೇಡ, ದಂಡ 100 ಯೂರೋ ಮೇಲೆ.

ಬುಡಾಪೆಸ್ಟ್ ಕೊನೆಗೆ ಇಟ್ಟುಕೊಳ್ಳಿ ಅನ್ನುವುದಕ್ಕೆ ಕಾರಣ ಇದೆ. ನಡೆದು ನಡೆದು ಸೋತ ಕಾಲಿಗೆ ಅಲ್ಲಿ ಬಿಸಿನೀರಿನ ಸ್ನಾನಗೃಹಗಳಿವೆ. 1913ರಲ್ಲಿ ತೆರೆದ ಸೆಚೆನ್ಯಿ ಎಲ್ಲಕ್ಕಿಂತ ದೊಡ್ಡದು. ಹಳದಿ ಗೋಡೆಗಳ ನಡುವೆ ಬಯಲಲ್ಲೇ ಕೊಳ, ನೀರಿನಿಂದ ಹಬೆ, ಎದೆಮಟ್ಟ ನೀರಲ್ಲಿ ನಿಂತು ಚೆಸ್ ಆಡುವ ಊರಿನವರು. ಈಜುಡುಗೆ ಬೇಕೇ ಬೇಕು, ಹತ್ತಿ ಚಡ್ಡಿ, ಟೀ ಶರ್ಟ್ ನಡೆಯುವುದಿಲ್ಲ. ಟವೆಲ್, ಹವಾಯಿ ಚಪ್ಪಲಿ ಮನೆಯಿಂದಲೇ ಒಯ್ಯಿರಿ, ಅಲ್ಲಿ ಕೊಂಡರೆ ಜಾಸ್ತಿ ಆಗುತ್ತದೆ. ಅಲ್ಲಿಗೆ ಹೋಗುವುದು ಎಂ1 ಮೆಟ್ರೋದಲ್ಲಿ, 1896ರದ್ದು, ಯೂರೋಪಿನ ಮುಖ್ಯ ಭೂಭಾಗದಲ್ಲೇ ಹಳೆಯದು. ಪುಟ್ಟ ಹಳದಿ ಬೋಗಿ, ಒಂದು ಮೆಟ್ಟಿಲ ಸಾಲು ಇಳಿದರೆ ನಿಲ್ದಾಣ.

ರಾತ್ರಿ ನದಿಯ ಮೇಲಿನ ದೋಣಿ ವಿಹಾರಕ್ಕೆ ಏಜೆಂಟರು ಬೆನ್ನು ಹತ್ತುತ್ತಾರೆ. ಅದಕ್ಕೆ ಮುಂಚೆ ಪೆಸ್ಟ್ ದಡದಲ್ಲಿ ಓಡುವ 2ನೇ ನಂಬರ್ ಟ್ರಾಮ್ ಹತ್ತಿ ನೋಡಿ. ದೀಪ ಹಾಕಿದ ಸಂಸತ್ ಭವನ, ಸರಪಳಿ ಸೇತುವೆ, ಆಚೆ ದಡದ ಬುಡಾ ಅರಮನೆ ಎಲ್ಲ ಮಾಮೂಲಿ ಟಿಕೆಟ್ಟಲ್ಲೇ ಕಾಣುತ್ತದೆ. ಸಂಸತ್ತಿನ ಹತ್ತಿರ ನದಿಯಂಚಿನಲ್ಲಿ ಕಬ್ಬಿಣದ ಚಪ್ಪಲಿ, ಬೂಟುಗಳ ಸಾಲಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಯಹೂದಿಗಳನ್ನು ಅಲ್ಲಿ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಗುಂಡು ಹಾರಿಸಿ ನದಿಗೆ ಬೀಳಿಸಿದ ಜಾಗ. ಅದರ ಮಧ್ಯೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವವರನ್ನು ನೋಡಿದೆವು. ದಯವಿಟ್ಟು ನೀವು ಮಾಡಬೇಡಿ.

ವಾಪಸ್ ಹೊರಡುವಾಗ ಏರ್‌ಪೋರ್ಟಿಗೆ ಊರಿನ ಮಧ್ಯದ ದೇಆಕ್ ಚೌಕದಿಂದ 100ಇ ಬಸ್ ಇದೆ. ಅದಕ್ಕೆ ಬೇರೆಯೇ ಟಿಕೆಟ್, ದಿನದ ಪಾಸು ಅದರಲ್ಲಿ ನಡೆಯುವುದಿಲ್ಲ. ಬಸ್ಸು ತುಂಬಿರುತ್ತದೆ, ಒಂದು ಬಿಟ್ಟು ಇನ್ನೊಂದಕ್ಕೆ ಹತ್ತುವಷ್ಟು ಸಮಯ ಕೈಯಲ್ಲಿಟ್ಟುಕೊಂಡು ಹೊರಡಿ. ಉಳಿದ ಫೋರಿಂಟ್ ಅಲ್ಲೇ ಕಾಫಿಗೋ ಪಾಪ್ರಿಕಾ ಪುಡಿಗೋ ಖರ್ಚು ಮಾಡಿ ಮುಗಿಸಿ, ಬೆಂಗಳೂರಿನಲ್ಲಿ ಅದನ್ನು ತೆಗೆದುಕೊಳ್ಳುವವರನ್ನು ಹುಡುಕುವುದೇ ಕಷ್ಟ.