ತಿನ್ನು ಎಂದರೆ ತಿನ್ನುತ್ತಾನೆ

"ದಿನನಿತ್ಯದ ಕೆಲಸಗಳಲ್ಲಿ ನಿಮಗೆ ಆಸಕ್ತಿ ಇದೆಯೇ?" ಎಂದು ಆಸ್ಪತ್ರೆಯ ಮನಃಶಾಸ್ತ್ರಜ್ಞೆ ಕೇಳಿದರು. "ತುಂಬಾ ಇದೆ ಮೇಡಂ" ಎಂದ ಅಣ್ಣ. ಅತ್ತಿಗೆ ತಲೆ ತಗ್ಗಿಸಿದರು. ಸೋಮವಾರದಿಂದ ಆ ಮಾತು ನನ್ನ ಕಿವಿಯಲ್ಲೇ ಕುಳಿತಿದೆ. ಅವನು ಸುಳ್ಳು ಹೇಳಲಿಲ್ಲ. ತನಗೆ ಆಸಕ್ತಿ ಇದೆಯೆಂದೇ ನಂಬಿದ್ದಾನೆ.

ಹೆದ್ದಾರಿಯಲ್ಲಿ ಬೈಕಿನಿಂದ ಬೀಳುವವರೆಗೆ ಅವನು ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತ. ಮೆಕ್ಕೆಜೋಳದ ಸುಗ್ಗಿಯಲ್ಲಿ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಈಗ ಕೂರಿಸಿದ ಕಡೆ ಕೂರುತ್ತಾನೆ. ಆಸ್ಪತ್ರೆಯಿಂದ ಹೊರಟವರು ಅವನಿಗೆ ಪ್ರಿಯವಾದ ಬೆಣ್ಣೆ ದೋಸೆಯ ಹೋಟೆಲಿಗೆ ಹೋದೆವು. ದೋಸೆಯ ಮೇಲಿನ ಬೆಣ್ಣೆ ಕರಗಿ, ಅಂಚಿಗೆ ಹರಿದು, ಮತ್ತೆ ಬಿಳಿಯಾಗಿ ಹೆಪ್ಪುಗಟ್ಟಿತು. ಅವನು ಅದನ್ನೇ ನೋಡುತ್ತಿದ್ದ. "ತಿನ್ನಣ್ಣ" ಎಂದೆ. ತಕ್ಷಣ ಕೈ ಹಾಕಿ, ಚಟ್ನಿ ಸಮೇತ ಪೂರ್ತಿ ತಿಂದ. ಹಸಿವಿತ್ತು, ಇಷ್ಟವೂ ಇತ್ತು. ಶುರು ಮಾಡುವ ಶಕ್ತಿ ಮಾತ್ರ ಇರಲಿಲ್ಲ.

ಮಿದುಳಿನ ಮುಂಭಾಗಕ್ಕೂ ಅದರೊಂದಿಗೆ ಬೆಸೆದ ಒಳಭಾಗಗಳಿಗೂ ಪೆಟ್ಟಾದಾಗ ಹೀಗಾಗಬಹುದಂತೆ. ವೈದ್ಯರು ಇದನ್ನು ನಿರಾಸಕ್ತಿ ಎನ್ನುತ್ತಾರೆ. ಇದು ಖಿನ್ನತೆಯೂ ಆಗಿರಬೇಕೆಂದಿಲ್ಲ. ಖಿನ್ನತೆಯಲ್ಲಿ ದುಃಖ, ತಪ್ಪಿತಸ್ಥ ಭಾವ ಕಾಡುತ್ತವೆ. ಅಣ್ಣನಿಗೆ ಯಾವ ಕೊರಗೂ ಇಲ್ಲ. ಅಮೆರಿಕದ ಮನೋವೈದ್ಯ ರಾಬರ್ಟ್ ಮರಿನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ 18 ಪ್ರಶ್ನೆಗಳ ನಿರಾಸಕ್ತಿ ಮಾಪನವೊಂದಿದೆ. ಅಂಕ 18ರಿಂದ 72ರವರೆಗೆ. ಹೆಚ್ಚಿದಷ್ಟೂ ನಿರಾಸಕ್ತಿ ಹೆಚ್ಚು. ಅದೇ ಪ್ರಶ್ನೆಗಳನ್ನು ರೋಗಿಗೆ ಬೇರೆ, ಮನೆಯವರಿಗೆ ಬೇರೆ ಕೇಳುತ್ತಾರೆ, ಚಿಕಿತ್ಸಕರೂ ತಾವೇ ಅಂಕ ಕೊಡುತ್ತಾರೆ. ಯಾಕೆಂದು ನನಗೆ ಸೋಮವಾರ ಅರ್ಥವಾಯಿತು. ಪೆಟ್ಟು ತಿಂದ ಮಿದುಳಿಗೆ ತನ್ನ ಕೊರತೆಯೇ ಕಾಣದೆ ಹೋಗಬಹುದು. ಅಣ್ಣನ ಉತ್ತರವನ್ನಷ್ಟೇ ಬರೆದುಕೊಂಡಿದ್ದರೆ ಅವನು ಕಾಗದದ ಮೇಲೆ ಗುಣವಾಗಿಬಿಡುತ್ತಿದ್ದ.

ಆಮೇಲೆ ಅತ್ತಿಗೆಯ ಸರದಿ. "ಹೇಳಿದರೆ ಸ್ನಾನ ಮಾಡುತ್ತಾರೆ. ಮಗಳು ಬಿದ್ದು ಅತ್ತರೂ ನೋಡುತ್ತಾ ಕೂರುತ್ತಾರೆ" ಎಂದರು. ಗಂಡನ ಎದುರು ಹಾಗೆ ಹೇಳುವುದು ಆ ಹೆಣ್ಣುಮಗಳಿಗೆ ಎಷ್ಟು ಕಷ್ಟವಾಗಿರಬೇಕು! ಇಷ್ಟು ದಿನ ಯಾರೂ ಅವರನ್ನು ಕೇಳಿಯೇ ಇರಲಿಲ್ಲ. ಹೊಲಿಗೆ ಮಾಯ್ದಿದೆ, ನಡೆಯುತ್ತಾನೆ, ಇನ್ನೇನು ಎಂದು ಎಲ್ಲರೂ ಎದ್ದು ಹೋದವರೇ. ದೊಡ್ಡಪ್ಪನಂತೂ "ಕೂತು ಉಣ್ಣುವ ರುಚಿ ಹತ್ತಿದೆ" ಎಂದು ಅಣ್ಣನ ಮುಖಕ್ಕೇ ಹೇಳಿದರು. ದುಡಿಯುವ ಗಂಡಸು ಎದ್ದು ಹೋಗದಿದ್ದರೆ ನಮ್ಮವರಿಗೆ ತೋಚುವುದು ಸೋಮಾರಿತನ ಒಂದೇ. ಕಾಲು ಮುರಿದವನನ್ನು ಯಾರಾದರೂ ಓಡು ಎನ್ನುತ್ತಾರೆಯೇ?

ಮೊಬೈಲಿನಲ್ಲಿ ಹೊತ್ತುಹೊತ್ತಿಗೆ ಅಲಾರಂ ಇಡಿ, ಒಂದೊಂದೇ ಕೆಲಸ ನೆನಪಿಸಿ ಎಂದು ಮನಃಶಾಸ್ತ್ರಜ್ಞೆ ಹೇಳಿದ್ದಾರೆ. ಅತ್ತಿಗೆ ಆಗಲೇ ಶುರು ಮಾಡಿದ್ದಾರೆ. ಭಾನುವಾರ ದೊಡ್ಡಪ್ಪ ಬರುತ್ತಾರೆ. ಈ ಸಲ ಅತ್ತಿಗೆ ಬೇಡವೆಂದರೂ ನಾನು ಸುಮ್ಮನಿರುವುದಿಲ್ಲ.