ಸಭೆ ತುಂಬಿದ ಮೇಲೆ ಕೈಕೊಡುವ ಮೈಕು

ನಾಟಕ, ಯಕ್ಷಗಾನ, ಸಂಗೀತ ಕಾರ್ಯಕ್ರಮಗಳಿಗೆ ಧ್ವನಿ ವ್ಯವಸ್ಥೆ ಮಾಡುವುದು ಮುಂಬಯಿಯಲ್ಲಿ ನನ್ನ ವೃತ್ತಿ. ನಮ್ಮ ತಂಡದಲ್ಲಿ ವೈರ್‌ಲೆಸ್ ಮೈಕುಗಳ ಹೊಣೆ ನನ್ನದು. ಮಾಟುಂಗಾದಿಂದ ಡೊಂಬಿವಿಲಿಯವರೆಗೆ ಕನ್ನಡ ಕಾರ್ಯಕ್ರಮ ನಡೆಸುವವರು ಕೆಲವು ವರ್ಷಗಳಿಂದ ಒಂದೇ ದೂರು ಹೇಳುತ್ತಾರೆ: ಮಧ್ಯಾಹ್ನ ಪರೀಕ್ಷಿಸಿದಾಗ ಮೈಕು ಚೆನ್ನಾಗಿತ್ತು, ಸಂಜೆ ಆಟ ಶುರುವಾಗುತ್ತಿದ್ದಂತೆ ಕೆಟ್ಟಿತು. ಬ್ಯಾಟರಿಯ ಮೇಲೆ, ಬಾಡಿಗೆಗೆ ಕೊಟ್ಟವನ ಮೇಲೆ, ಕೆಲವೊಮ್ಮೆ ಪಾಪ ಕಲಾವಿದನ ಮೇಲೂ ತಪ್ಪು ಹೊರಿಸುತ್ತಾರೆ. ನಿಜವಾದ ಕಾರಣ ಬೇರೆ ಇದೆ.

ವೈರ್‌ಲೆಸ್ ಮೈಕು ಎಂದರೆ ಕಲಾವಿದನ ಸೊಂಟಕ್ಕೆ ಕಟ್ಟಿದ ಪುಟ್ಟ ರೇಡಿಯೊ ಕೇಂದ್ರ. ಅದರ ಶಕ್ತಿ ಸಾಮಾನ್ಯವಾಗಿ 10ರಿಂದ 50 ಮಿಲಿವಾಟ್. 600 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಅರ್ಧ ಮೀಟರ್ ಆದ್ದರಿಂದ ಗೇಣಿಗಿಂತ ಚಿಕ್ಕ ಆಂಟೆನಾ ಸಾಕು, ವೇಷದೊಳಗೆ ಅಡಗುತ್ತದೆ. ಅದಕ್ಕಾಗಿಯೇ ಜಗತ್ತಿನ ರಂಗಭೂಮಿಯೆಲ್ಲ ಟಿ.ವಿ. ಪ್ರಸಾರದ ತರಂಗಾಂತರಗಳಲ್ಲಿ ಖಾಲಿ ಉಳಿದ ಜಾಗವನ್ನು ಹಿಡಿದುಕೊಂಡಿತು. ಟಿ.ವಿ. ಡಿಜಿಟಲ್ ಆಗಿ ಕಡಿಮೆ ಜಾಗದಲ್ಲಿ ಕುಳಿತಾಗ, ತೆರವಾದ ಜಾಗ ಮೊಬೈಲ್ ಕಂಪನಿಗಳ ಪಾಲಾಯಿತು. ನಮ್ಮಲ್ಲಿ 700 ಮೆಗಾಹರ್ಟ್ಸ್ ತರಂಗಾಂತರ 2016ರ ಹರಾಜಿನಲ್ಲಿ ಮಾರಾಟವಾಗಿರಲಿಲ್ಲ. 2022ರಲ್ಲಿ ಜಿಯೊ ಕೊಂಡಿತು, ಅದೇ ವರ್ಷ 5ಜಿ ಬಂತು.

ಈ 700ರ ಜಾಗದಲ್ಲಿ 703ರಿಂದ 748ರವರೆಗಿನ ಭಾಗದಲ್ಲಿ ಮಾತನಾಡುವುದು ಟವರ್ ಅಲ್ಲ, ನಮ್ಮ ಕೈಯಲ್ಲಿರುವ ಫೋನ್. ಟವರ್‌ನ ಉತ್ತರ ಬರುವುದು 758ರಿಂದ 803ರೊಳಗೆ. ಅಂದರೆ ಖಾಲಿ ಸಭಾಗೃಹದಲ್ಲಿ ಸ್ಕ್ಯಾನ್ ಮಾಡಿದರೆ, ಅಂದರೆ ಎಲ್ಲೆಲ್ಲಿ ಬೇರೆ ಸಂಕೇತಗಳಿವೆ ಎಂದು ಉಪಕರಣದಿಂದ ಹುಡುಕಿದರೆ, 740ರ ಆಸುಪಾಸು ನಿರ್ಮಲವಾಗಿಯೇ ಕಾಣುತ್ತದೆ. ತೊಂದರೆ ಕೊಡುವವರು ಆಗಿನ್ನೂ ಲೋಕಲ್ ರೈಲಿನಲ್ಲಿರುತ್ತಾರೆ.

ಇದನ್ನು ಕಣ್ಣಾರೆ ನೋಡಿದ್ದು ಒಂದು ಯಕ್ಷಗಾನದ ರಾತ್ರಿ. ಮೈಕಿನ ಸೆಟ್ಟನ್ನು ಸಂಘಟಕರು ಬೇರೆ ಕಡೆಯಿಂದ ತರಿಸಿದ್ದರು, 740ರ ಸುತ್ತ ಕೆಲಸ ಮಾಡುವ ಹಳೆಯ ಮಾಲು. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ರಾಕ್ಷಸ ಪಾತ್ರದ ಬಣ್ಣದ ವೇಷಧಾರಿಗೆ ಕಾಲರ್ ಮೈಕು ಕಟ್ಟಿದೆ: ತುದಿಯನ್ನು ಕೆನ್ನೆಯ ಬಳಿ ಟೇಪಿನಿಂದ ಅಂಟಿಸಿ, ತಂತಿಯನ್ನು ಬೆನ್ನಿನ ಮೇಲೆ ಇಳಿಸಿ, ಬೆವರು ತಾಗದಂತೆ ಬಾಡಿ ಪ್ಯಾಕನ್ನು (ಸಂಕೇತ ಕಳುಹಿಸುವ ಪುಟ್ಟ ಪೆಟ್ಟಿಗೆ) ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟದಲ್ಲಿಟ್ಟು ಪಟ್ಟಿ ಬಿಗಿದೆ. ತೆರೆಪೊರಪ್ಪಾಟಿನ, ಅಂದರೆ ತೆರೆಯ ಮರೆಯಿಂದ ವೇಷ ರಂಗಕ್ಕೆ ಬರುವ, ಹೊತ್ತಿಗೆ ಸಭೆಯಲ್ಲಿ ಸಾಲು ಸಾಲು ಫೋನ್‌ಗಳು ಎದ್ದವು. ಕೆಲವರು ನೇರವಾಗಿ ಊರಿಗೆ ತೋರಿಸುತ್ತಿದ್ದರು. ವಿಡಿಯೊ ಹೊರಗೆ ಕಳುಹಿಸುವಾಗಲೇ ಫೋನ್ ಹೆಚ್ಚು ಹೊತ್ತು, ಹೆಚ್ಚು ಜೋರಾಗಿ ಪ್ರಸಾರ ಮಾಡುವುದು. ಮೈಕಿನ ಸಂಕೇತ ಹಿಡಿಯುವ ರಿಸೀವರ್‌ನ ಪರದೆಯಲ್ಲಿ ಸಂಕೇತದ ಪಟ್ಟಿ ನಡುಗಿತು, ಚೆಂಡೆಯ ನಡುವೆ ವೇಷದ ಆರ್ಭಟ ತುಂಡು ತುಂಡಾಗಿ ಕೇಳಿಸಿತು. ವೇಷ ಒಳಗೆ ಬಂದಾಗ ಪಟ್ಟಿ ಬಿಚ್ಚಿ, ನಮ್ಮ ವ್ಯಾನಿನಲ್ಲಿದ್ದ 500ರ ಶ್ರೇಣಿಯ ಪ್ಯಾಕ್ ಹಾಕಿದೆ. ಆ ವೇಷಧಾರಿ ಎದುರುಸಿರು ಬಿಡುತ್ತಾ, "ಇಷ್ಟು ಹೊತ್ತು ನಾನು ಆಡಿದ ಮಾತು ಯಾರಿಗೂ ಕೇಳಲಿಲ್ಲವೇ ಮಾರಾಯರೇ?" ಎಂದು ಕೇಳಿದರು. ಆ ಪ್ರಶ್ನೆ ನನಗೆ ಬಹಳ ನೋವು ಕೊಟ್ಟಿತು. ಗಂಟೆಗಟ್ಟಲೆ ಬಣ್ಣ ಬರೆದುಕೊಂಡು ಸಿದ್ಧನಾದವನ ಅರ್ಥಗಾರಿಕೆಯನ್ನು ಯಾವುದೋ ಹರಾಜಿನ ಫಲ ನುಂಗಿಹಾಕುವುದು ಸಣ್ಣ ವಿಷಯವಲ್ಲ.

ಅಂದಿನಿಂದ ನಾನು ಸ್ಕ್ಯಾನ್ ಮಾಡುವುದು ಎರಡು ಸಲ. ಎರಡನೆಯದು ಜನ ಕುಳಿತ ಮೇಲೆ, ವೇದಿಕೆಯ ಎಲ್‌ಇಡಿ ಪರದೆ ಹೊತ್ತಿಸಿದ ಮೇಲೆ, ಏಕೆಂದರೆ ಆ ಪರದೆಗಳೂ ರೇಡಿಯೊ ಗದ್ದಲ ಎಬ್ಬಿಸುತ್ತವೆ. ರಿಸೀವರ್‌ನ ಆಂಟೆನಾವನ್ನು ಸಭೆಯ ಹಿಂಬದಿಯ ಮಿಕ್ಸರ್ ಬಳಿ ಇಡುವುದಿಲ್ಲ, ವೇದಿಕೆಯ ಅಂಚಿನಲ್ಲಿ ಎತ್ತರದಲ್ಲಿ ನಿಲ್ಲಿಸುತ್ತೇನೆ. ಹಲವು ಮೈಕುಗಳಿದ್ದರೆ ಅವುಗಳ ನಡುವೆ ಸಮಾನ ಅಂತರ ಇಡಬಾರದು: 600 ಮತ್ತು 602ರಲ್ಲಿ ಎರಡು ಮೈಕು ಹತ್ತಿರ ನಿಂತರೆ 598 ಮತ್ತು 604ರಲ್ಲಿ ತಾವಾಗಿಯೇ ಹುಸಿ ಸಂಕೇತ ಹುಟ್ಟುತ್ತದೆ, ಮೂರನೆಯ ಮೈಕು ಅಲ್ಲಿದ್ದರೆ ಅದರ ಕಥೆ ಮುಗಿಯಿತು.

ಆದರೆ ಇಂಥ ಚಾಕಚಕ್ಯತೆ ಜಾಗ ಇರುವ ತನಕ ಮಾತ್ರ. ಬೇರೆ ದೇಶಗಳ ಮನರಂಜನಾ ಕ್ಷೇತ್ರ ಇದನ್ನು ಬೇಗ ಅರಿತು ಬೀದಿಗಿಳಿಯದೆಯೂ ಹೋರಾಡಿತು. ಬ್ರಿಟನ್ನಿನಲ್ಲಿ ಮೈಕುಗಳಿಗಿದ್ದ 69ನೆಯ ಚಾನೆಲನ್ನು ಮೊಬೈಲ್‌ಗಾಗಿ ತೆರವು ಮಾಡಲು ಹೊರಟಾಗ ರಂಗಭೂಮಿ, ಸಂಗೀತ, ಪ್ರಸಾರ ಕ್ಷೇತ್ರಗಳವರು ಸೇರಿ 'ಸೇವ್ ಅವರ್ ಸೌಂಡ್' ಎಂಬ ಆಂದೋಲನ ನಡೆಸಿದರು. ಬದಲಿಗೆ 606ರಿಂದ 614 ಮೆಗಾಹರ್ಟ್ಸ್‌ವರೆಗಿನ 38ನೆಯ ಚಾನೆಲ್ ಸಿಕ್ಕಿತು, ಹಳೆಯ ಉಪಕರಣ ಇದ್ದವರಿಗೆ ಸರ್ಕಾರದ ಪರಿಹಾರವೂ ದೊರೆಯಿತು. ಅಮೆರಿಕದಲ್ಲಿ 2008ರಲ್ಲಿ ಗಾಯಕಿ ಡಾಲಿ ಪಾರ್ಟನ್ ಅವರೇ ನಿಯಂತ್ರಣ ಆಯೋಗಕ್ಕೆ ಪತ್ರ ಬರೆದಿದ್ದರು. ಅಲ್ಲಿ 2014ರಲ್ಲಿ, ವಾಡಿಕೆಯಾಗಿ 50 ಅಥವಾ ಹೆಚ್ಚು ಮೈಕು ಬಳಸುವ ಸಭಾಂಗಣಗಳಿಗೂ ಧ್ವನಿ ಸಂಸ್ಥೆಗಳಿಗೂ ಪರವಾನಗಿಯ ಅರ್ಹತೆ ಕೊಟ್ಟರು. ಅದಕ್ಕಿಂತ ಕಡಿಮೆ ಬಳಸುವ ಸಣ್ಣ ತಂಡಗಳು ಹೊರಗುಳಿದವು. ಎಂಟು ಮೈಕಿನ ನಾಟಕ ಮಾಡುವ ನಮ್ಮಂಥವರು ಗಮನಿಸಬೇಕಾದದ್ದು ಇದನ್ನೇ.

ನಮ್ಮ ಸರದಿ ದೂರವಿಲ್ಲ. 2022ರ ಹರಾಜಿನಲ್ಲಿ 600 ಮೆಗಾಹರ್ಟ್ಸ್ ಕೂಡ ಇತ್ತು, ಯಾರೂ ಬಿಡ್ ಮಾಡಲಿಲ್ಲ. ಅದು ಮಾರಾಟವಾದ ದಿನ 612ರಿಂದ 652ರವರೆಗೆ ಟವರ್‌ಗಳು, 663ರಿಂದ 703ರವರೆಗೆ ಪ್ರೇಕ್ಷಕರ ಫೋನ್‌ಗಳು ಬರುತ್ತವೆ. ಈಗ ನಾವು ಸುರಕ್ಷಿತವೆಂದು ಕೊಂಡಿಟ್ಟ ಎಷ್ಟೋ ಸೆಟ್‌ಗಳು ಕೆಲಸ ಮಾಡುವುದು ಅಲ್ಲಿಯೇ. ಹರಾಜಿಗೆ ಮುನ್ನ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಸಮಾಲೋಚನಾ ಪತ್ರ ಹೊರಡಿಸುತ್ತದೆ, ಯಾರು ಬೇಕಾದರೂ ಅಭಿಪ್ರಾಯ ಕಳುಹಿಸಬಹುದು. ದೂರವಾಣಿ ಕಂಪನಿಗಳಿಗೆ ಅದನ್ನು ಬರೆಯುವುದಕ್ಕೆಂದೇ ವಕೀಲರಿದ್ದಾರೆ. ನಮ್ಮ ಕಡೆಯಿಂದ ಹೋಗಬೇಕಾದದ್ದು ಲೆಕ್ಕ: ಎಷ್ಟು ಪ್ರದರ್ಶನ, ಎಷ್ಟು ಮೈಕು, ಯಾವ ಶ್ರೇಣಿ, ಎಲ್ಲಿ ಎಷ್ಟು ತೊಂದರೆ. ಕೇಳುವುದೂ ಬಹಳವಲ್ಲ. ಒಂದು ಟಿ.ವಿ. ಚಾನೆಲಿನಷ್ಟು, ಅಂದರೆ 8 ಮೆಗಾಹರ್ಟ್ಸ್ ಜಾಗವನ್ನು ದೇಶಾದ್ಯಂತ ರಂಗದ ಮೈಕುಗಳಿಗೆಂದೇ ಮೀಸಲಿಟ್ಟರೂ ಸಾಧಾರಣ ನಾಟಕವೊಂದಕ್ಕೆ ಸಾಲುತ್ತದೆ.

ನಾನು ಪ್ರತಿ ಕಾರ್ಯಕ್ರಮದ ಸ್ಕ್ಯಾನ್ ಚಿತ್ರವನ್ನು ದಿನಾಂಕ, ಸಭಾಗೃಹದ ಹೆಸರಿನೊಂದಿಗೆ ತೆಗೆದಿಡುತ್ತಿದ್ದೇನೆ. ಮುಂಬಯಿ, ಪುಣೆ, ಗೋವಾದ ಕನ್ನಡ ಸಂಘಗಳಲ್ಲಿ ಸ್ವಂತ ಮೈಕು ಇಟ್ಟುಕೊಂಡವರು ರಿಸೀವರ್‌ನ ಹಿಂಬದಿಯ ಚೀಟಿ ನೋಡಿ, ಅಲ್ಲಿ ನಮೂದಿಸಿದ ಮೆಗಾಹರ್ಟ್ಸ್ ಶ್ರೇಣಿಯನ್ನೂ ಮೈಕುಗಳ ಸಂಖ್ಯೆಯನ್ನೂ ನನಗೆ ತಿಳಿಸಿ. ಮುಂದಿನ ಸಮಾಲೋಚನಾ ಪತ್ರ ಹೊರಬಿದ್ದಾಗ ಎಲ್ಲವನ್ನೂ ಒಂದೇ ಮನವಿಯಲ್ಲಿ ಸೇರಿಸಿ, ಸಂಘಗಳ ಸಹಿಯೊಂದಿಗೆ ಕಳುಹಿಸೋಣ.